ಶೆಲ್ ಸಿಕ್ಕರೆ ಟನಲ್ ಸಿಕ್ಕಂತಲ್ಲ: ವೆಬ್ ಹೋಸ್ಟಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೋಸ್ಟಿಂಗ್ ಪ್ಲ್ಯಾನ್‌ಗಳ ಎಸ್‌ಎಸ್‌ಎಚ್ ಕುರಿತದ್ದನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಅಚ್ಚು ಹಾಕಿದೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಒತ್ತಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇವೆ.

ನಮ್ಮ ಸೀರಿ ಅಂಗಡೀದು ಒಂದು ವೆಬ್‌ಸೈಟ್ ಐತ್ರಿ. ಅದನ್ನ ನೋಡ್ಕೊಳ್ಳೋ ಹುಡುಗ, ಈಗಿನ ಪ್ಲ್ಯಾನ್‌ದಾಗ ಎಸ್‌ಎಸ್‌ಎಚ್ ಇಲ್ಲ, ಮ್ಯಾಲಿನ ಪ್ಲ್ಯಾನ್ ತಗೋರಿ ಅಂತಾನ. ಖರೇನ ಬೇಕೇನ್ರಿ ಅದು? ಸುಮ್ನ ರೊಕ್ಕ ಹಾಕೂದು ಬ್ಯಾಡ.
– ಸೀರೆ ವ್ಯಾಪಾರಿ, ಇಳಕಲ್ಲ

ವಾರಕ್ಕೆ ಹತ್ತಿಪ್ಪತ್ತು ಸೀರೆಯ ಫೋಟೊ ಏರಿಸುವುದು, ಬೆಲೆ ತಿದ್ದುವುದು ಇಷ್ಟೇ ಕೆಲಸವಾದರೆ ಬೇಡ. ಅದಕ್ಕೆ ವರ್ಡ್‌ಪ್ರೆಸ್ ಅಡ್ಮಿನ್ ಪುಟವೇ ಸಾಕು.

ಎಸ್‌ಎಸ್‌ಎಚ್ ಅಂದರೆ ನಿಮ್ಮ ಸೈಟ್ ಇರುವ ಸರ್ವರಿಗೆ ದೂರದಿಂದ ಲಾಗಿನ್ ಆಗಿ ಕಮಾಂಡ್ ಕೊಡುವ ದಾರಿ. ಹಾಗೆ ಕಮಾಂಡ್ ಒತ್ತುವ ಜಾಗಕ್ಕೆ ಶೆಲ್ ಎನ್ನುತ್ತಾರೆ. ಪಾಸ್‌ವರ್ಡ್ ಸೇರಿ ನಡುವೆ ಓಡಾಡುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ್ದು ಗೊತ್ತಾದ ಮೇಲೆ ಟಾಟು ಯಲೋನೆನ್ 1995ರಲ್ಲಿ ಇದನ್ನು ಬರೆದರು. ಅದಕ್ಕೂ ಹಿಂದಿನ ಟೆಲ್‌ನೆಟ್‌ನಲ್ಲಿ, ಫೈಲ್ ಸಾಗಿಸಲು ಇವತ್ತಿಗೂ ಬಳಕೆಯಲ್ಲಿರುವ ಬರೀ ಎಫ್‌ಟಿಪಿಯಲ್ಲಿ, ಪಾಸ್‌ವರ್ಡ್ ಇದ್ದ ಹಾಗೇ ಬಯಲಲ್ಲಿ ಹೋಗುತ್ತದೆ.

ಹಾಗಂತ ಹುಡುಗನ ಮಾತನ್ನು ತಳ್ಳಿಹಾಕಬೇಡಿ. ಸಾವಿರಾರು ಫೋಟೊ ಇರುವ ಸೈಟನ್ನು ಬ್ರೌಸರಿನ ಫೈಲ್ ಮ್ಯಾನೇಜರಿನಿಂದ ಜಿಪ್ ಮಾಡಲು ಹೋದರೆ ಅರ್ಧಕ್ಕೇ ಟೈಮ್‌ಔಟ್ ಆಗುತ್ತದೆ. ಶೆಲ್‌ನಲ್ಲಿ ಅದೇ ಕೆಲಸ ಒಂದು ಸಾಲು. ಸೈಟಿಗೆ ಮಾಲ್‌ವೇರ್ ಹೊಕ್ಕಾಗ ಕಳೆದ ಏಳು ದಿನದಲ್ಲಿ ಬದಲಾದ ಪಿಎಚ್‌ಪಿ ಫೈಲ್‌ಗಳನ್ನು ಹುಡುಕುವುದು ಶೆಲ್ ಇದ್ದರೆ ಕ್ಷಣದ ಮಾತು, ಇಲ್ಲದಿದ್ದರೆ ಇಡೀ ದಿನದ ಕೆಲಸ. ಸೈಟ್ ಆ ಗಾತ್ರಕ್ಕೆ ಬೆಳೆದಿದ್ದರೆ ಕೊಟ್ಟ ದುಡ್ಡು ದಂಡವಲ್ಲ.

ಪ್ಲ್ಯಾನ್ ಬದಲಿಸುವ ಮೊದಲು ಸಿಪ್ಯಾನೆಲ್ (ಹೋಸ್ಟಿಂಗ್ ಖಾತೆ ನಿಭಾಯಿಸುವ ಪುಟ) ತೆರೆದು, ಸೆಕ್ಯುರಿಟಿ ವಿಭಾಗದಲ್ಲಿ ‘ಎಸ್‌ಎಸ್‌ಎಚ್ ಆಕ್ಸೆಸ್’ ಎಂಬ ಐಕಾನ್ ಇದೆಯೇ ನೋಡಿ. ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆದ ಕೂಡಲೇ ‘ಶೆಲ್ ಆಕ್ಸೆಸ್ ಈಸ್ ನಾಟ್ ಎನೇಬಲ್ಡ್ ಆನ್ ಯುವರ್ ಅಕೌಂಟ್’ ಎಂದು ಬಂದರೆ ಸೇವೆ ಇದೆ, ನಿಮ್ಮ ಖಾತೆಗೆ ತೆರೆದಿಲ್ಲ ಎಂದರ್ಥ. ಎಷ್ಟೋ ಕಂಪನಿಗಳು ಒಂದು ಟಿಕೆಟ್ (ಸಹಾಯ ಕೋರಿ ಬರೆಯುವ ಅರ್ಜಿ) ಹಾಕಿದರೆ ಈಗಿನ ಪ್ಲ್ಯಾನ್‌ನಲ್ಲೇ ತೆರೆದುಕೊಡುತ್ತವೆ.

ಆ ಟಿಕೆಟ್‌ನಲ್ಲೇ ಮೂರು ವಿಷಯ ಬರಹದಲ್ಲಿ ಕೇಳಿಕೊಳ್ಳಿ: ಸಿಗುವುದು ಪೂರ್ತಿ ಶೆಲ್ಲೋ ಜೈಲ್ ಶೆಲ್ಲೋ, ಎಸ್‌ಎಸ್‌ಎಚ್‌ನ ಪೋರ್ಟ್ (ಸರ್ವರಿನ ಬಾಗಿಲು) ಸಂಖ್ಯೆ ಎಷ್ಟು, ಟಿಸಿಪಿ ಫಾರ್ವರ್ಡಿಂಗ್‌ಗೆ (ಎಸ್‌ಎಸ್‌ಎಚ್ ಒಳಗೇ ಬೇರೆ ಸಂಪರ್ಕ ಸಾಗಿಸುವ ಟನಲ್‌ಗೆ) ಅನುಮತಿ ಇದೆಯೋ ಇಲ್ಲವೋ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಿಗುವುದು ಬಹುಮಟ್ಟಿಗೆ ಜೈಲ್ ಶೆಲ್. ನಿಮ್ಮ ಫೋಲ್ಡರ್ ಬಿಟ್ಟು ಬೇರೆಯವರದು ಕಾಣುವುದಿಲ್ಲ, ಸುಡೊ (ಯಜಮಾನನ ಅಧಿಕಾರ) ಇಲ್ಲ, ಹೊಸ ತಂತ್ರಾಂಶ ಕೂರಿಸಲು ಬರುವುದಿಲ್ಲ. ಅಂಗಡಿ ಸೈಟಿಗೆ ಅಷ್ಟು ಸಾಕು. ಮೂರನೆಯ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಪ್ಲ್ಯಾನ್ ಕೊಂಡು ತಿಂಗಳಾದ ಮೇಲೆ ಅದರ ಬಿಸಿ ತಟ್ಟುತ್ತದೆ. ಮುಂದೆ ಉದ್ಯಮಬಾಗದ ಪತ್ರ ನೋಡಿ.

ಕೀ ಮಾಡಿ ಸರ್ವರಿಗೆ ಹಾಕಿದ್ದೇನೆ. ಆದರೂ ‘ಪರ್ಮಿಷನ್ ಡಿನೈಡ್, ಪಬ್ಲಿಕ್‌ಕೀ’ ಎಂದೇ ಬರುತ್ತಿದೆ. ಎರಡು ಸಲ ಹೊಸ ಕೀ ಮಾಡಿದರೂ ಅದೇ ಕತೆ.
– ವೆಬ್ ಡಿಸೈನರ್, ನವನಗರ, ಬಾಗಲಕೋಟೆ

ಮೂರನೇ ಕೀ ಮಾಡಬೇಡಿ. ಕೀ ಅಂದರೆ ಪಾಸ್‌ವರ್ಡ್ ಬದಲಿಗೆ ಬಳಸುವ ಜೋಡಿ: ಪ್ರೈವೇಟ್ ಕೀ ನಿಮ್ಮ ಕಂಪ್ಯೂಟರಿನಲ್ಲಿ, ಪಬ್ಲಿಕ್ ಕೀ ಸರ್ವರಿನಲ್ಲಿ. ಕೀಯಲ್ಲಿ ದೋಷ ಇರುವುದು ಅಪರೂಪ. ಅದನ್ನು ಇಟ್ಟ ಜಾಗದಲ್ಲಿ, ಇಟ್ಟ ರೀತಿಯಲ್ಲಿ ಇರುವುದೇ ಹೆಚ್ಚು.

ಮೊದಲು ಕಮಾಂಡಿಗೆ -ವಿ ಸೇರಿಸಿ ಓಡಿಸಿ. ಉದ್ದದ ಪಟ್ಟಿಯಲ್ಲಿ ‘ಆಫರಿಂಗ್ ಪಬ್ಲಿಕ್ ಕೀ’ ಎಂಬ ಸಾಲು ಹುಡುಕಿ. ಅಲ್ಲಿ ನಿಮ್ಮ ಕೀ ಫೈಲಿನ ಹೆಸರೇ ಇಲ್ಲದಿದ್ದರೆ ತಪ್ಪು ನಿಮ್ಮ ಕಂಪ್ಯೂಟರಿನ ಕಡೆ. ಹೆಸರಿದ್ದೂ ಸರ್ವರ್ ಒಪ್ಪದಿದ್ದರೆ ತಪ್ಪು ಆ ಕಡೆ.

ಆ ಕಡೆಯದಾದರೆ ಯೂಸರ್ ಹೆಸರಿನಿಂದ ಶುರು ಮಾಡಿ. ಹೋಸ್ಟಿಂಗ್ ಕೊಂಡಾಗ ಕೊಟ್ಟ ಇಮೇಲ್ ಅಲ್ಲ, ವರ್ಡ್‌ಪ್ರೆಸ್ ಅಡ್ಮಿನ್ ಹೆಸರೂ ಅಲ್ಲ, ಸಿಪ್ಯಾನೆಲ್ ಖಾತೆಯ ಹೆಸರು ಬೇಕು. ಸಿಪ್ಯಾನೆಲ್‌ನಲ್ಲಿ ಕೀ ಇಂಪೋರ್ಟ್ ಮಾಡಿದರಷ್ಟೇ ಸಾಲದು. ‘ಮ್ಯಾನೇಜ್ ಎಸ್‌ಎಸ್‌ಎಚ್ ಕೀಸ್’ ಒಳಗೆ ಆ ಕೀ ಎದುರಿನ ‘ಮ್ಯಾನೇಜ್’ ಒತ್ತಿ, ‘ಆಥರೈಸ್’ ಕೊಡಬೇಕು. ಬಹಳ ಜನ ಎಡವುವುದು ಇಲ್ಲೇ.

ಕೀಯನ್ನು ಕೈಯಾರೆ ಅಂಟಿಸಿದ್ದರೆ ಫೈಲಿನ ಹೆಸರು ನೋಡಿ. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನೊಳಗೆ ‘ಆಥರೈಸ್ಡ್_ಕೀಸ್’ ಎಂದಿರಬೇಕು, ಸ್ಪೆಲ್ಲಿಂಗ್‌ನಲ್ಲಿ ಎಸ್ ಅಲ್ಲ ಝಡ್, ಕೊನೆಗೆ ಡಾಟ್ ಟಿಎಕ್ಸ್‌ಟಿ ಇರಬಾರದು; ನೋಟ್‌ಪ್ಯಾಡ್ ಕೇಳದೆಯೇ ಅದನ್ನು ಸೇರಿಸಿಬಿಡುತ್ತದೆ. ಕೀ ಪೂರ್ತಿ ಒಂದೇ ಸಾಲಿನಲ್ಲಿರಬೇಕು. ವಾಟ್ಸ್ಆ್ಯಪ್‌ನಿಂದ ನಕಲು ಮಾಡಿದಾಗ ನಡುವೆ ಸಾಲು ಮುರಿದಿದ್ದರೆ ಸರ್ವರಿಗೆ ಅದು ಕೀಯೇ ಅಲ್ಲ.

ಪುಟ್ಟಿ ತಂತ್ರಾಂಶದ ಜೊತೆಗಿನ, ಕೀ ಮಾಡುವ ಪುಟ್ಟಿಜೆನ್ ಬಳಸಿದವರಿಗೆ ಇನ್ನೊಂದು ಹಳ್ಳವಿದೆ. ಅದರ ‘ಸೇವ್ ಪಬ್ಲಿಕ್ ಕೀ’ ಬಟನ್ ಬರೆಯುವ ಫೈಲ್ ‘ಬಿಗಿನ್ ಎಸ್‌ಎಸ್‌ಎಚ್2 ಪಬ್ಲಿಕ್ ಕೀ’ ಎಂದು ಆರಂಭವಾಗುವ ಬೇರೆ ನಮೂನೆಯದು, ಲಿನಕ್ಸ್ ಸರ್ವರ್ ಅದನ್ನು ಒಪ್ಪುವುದಿಲ್ಲ. ಮೇಲಿನ ಚೌಕದಲ್ಲಿ ಕಾಣುವ, ‘ಎಸ್‌ಎಸ್‌ಎಚ್-’ ಎಂದು ಶುರುವಾಗುವ ಸಾಲನ್ನೇ ಪೂರ್ತಿ ನಕಲಿಸಿ. ಪುಟ್ಟಿಯ ಪಿಪಿಕೆ (ಪ್ರೈವೇಟ್ ಕೀ) ಫೈಲನ್ನು ವಿಂಡೋಸ್‌ನಲ್ಲೇ ಬರುವ ಎಸ್‌ಎಸ್‌ಎಚ್‌ಗೆ ಕೊಟ್ಟರೂ ನಡೆಯದು. ‘ಕನ್ವರ್ಷನ್ಸ್’ ಮೆನುವಿನಿಂದ ಓಪನ್‌ಎಸ್‌ಎಸ್‌ಎಚ್ ನಮೂನೆಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು.

ಇನ್ನು ಪರ್ಮಿಷನ್. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಒಳಗಿನ ಫೈಲಿಗೆ 600; ಅಂದರೆ ನಿಮಗೊಬ್ಬರಿಗೇ ಪ್ರವೇಶ. ನಿಮ್ಮ ಹೋಮ್ ಫೋಲ್ಡರನ್ನು ಬೇರೆಯವರು ಬರೆಯುವಂತೆ ಬಿಟ್ಟಿದ್ದರೂ ಸರ್ವರ್ ಕೀಯನ್ನು ಮೌನವಾಗಿ ಕಡೆಗಣಿಸುತ್ತದೆ. ಯಾವುದೋ ಪ್ಲಗಿನ್ ನಡೆಯಲಿಲ್ಲವೆಂದು ಎಲ್ಲದಕ್ಕೂ 777 (ಯಾರು ಬೇಕಾದರೂ ಬರೆಯಬಹುದು) ಕೊಟ್ಟವರ ಎಸ್‌ಎಸ್‌ಎಚ್ ಅಂದೇ ನಿಲ್ಲುವುದು ಇದರಿಂದ.

ತಪ್ಪು ನಿಮ್ಮ ಕಂಪ್ಯೂಟರಿನದಾದರೆ ಎರಡೇ ಸಾಧ್ಯತೆ ಹೆಚ್ಚು. ‘ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್’ ಎಂದು ಬಂದರೆ ಆ ಫೈಲಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಇನ್‌ಹೆರಿಟೆನ್ಸ್ ತೆಗೆದು ನಿಮ್ಮ ಹೆಸರೊಂದನ್ನೇ ಉಳಿಸಿ. ‘ಟೂ ಮೆನಿ ಆಥೆಂಟಿಕೇಷನ್ ಫೇಲ್ಯೂರ್ಸ್’ ಎಂದು ಬಂದರೆ ಕೀಗಳನ್ನು ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟಿನಲ್ಲಿ ಹಲವು ಗಿರಾಕಿಗಳ ಕೀಗಳಿವೆ, ಸರಿಯಾದದ್ದರ ಸರದಿ ಬರುವ ಮೊದಲೇ ಸರ್ವರ್ ಬಾಗಿಲು ಹಾಕುತ್ತಿದೆ. ನಿಮ್ಮ ಕಂಪ್ಯೂಟರಿನ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ ‘ಐಡೆಂಟಿಟೀಸ್ಓನ್ಲಿ ಯೆಸ್’ ಹಾಕಿ, ಯಾವ ಕೀ ಎಂದು ಹೆಸರಿಸಿ.

ಮುಂದೆ ಎಂದಾದರೂ ಹೊಸ ಕೀ ಮಾಡುವುದಿದ್ದರೆ ಇಡಿ25519 ಎಂಬ ಬಗೆಯನ್ನು ಆರಿಸಿ. ಅದು ನಡೆಯದ ಹಳೆಯ ಸರ್ವರಿಗೆ ಆರ್‌ಎಸ್‌ಎ 3072 ಅಥವಾ 4096.

ನಮ್ಮ ಫೌಂಡ್ರಿಯ ವೆಬ್‌ಸೈಟಿಗೆ ಬರುವ ಎನ್‌ಕ್ವೈರಿಗಳು ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಕೂರುತ್ತವೆ. ಅವನ್ನು ಆಫೀಸಿನ ಕಂಪ್ಯೂಟರಿನಿಂದ ನೇರವಾಗಿ ಹೈಡಿಎಸ್‌ಕ್ಯೂಎಲ್ ಎಂಬ ತಂತ್ರಾಂಶದಲ್ಲಿ ನೋಡಬೇಕು. ಟನಲ್ ಹಾಕಿ ಎನ್ನುತ್ತಾರೆ. ಹಾಕಿದರೆ ಕನೆಕ್ಟ್ ಆದಂತೆ ಕಂಡು ಆಮೇಲೆ ಎರರ್ ಬರುತ್ತದೆ.
– ಉದ್ಯಮಬಾಗ, ಬೆಳಗಾವಿ

ಹೋಸ್ಟಿಂಗ್ ಕಂಪನಿಗಳು ಡೇಟಾಬೇಸಿನ 3306 ಪೋರ್ಟನ್ನು ಹೊರಗಿನವರಿಗೆ ಮುಚ್ಚಿರುತ್ತವೆ, ಮುಚ್ಚಿರಬೇಕು ಕೂಡ. ಆದರೆ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕವರಿಗೆ ಆ ಸರ್ವರಿನೊಳಗಿಂದಲೇ 3306 ಸಿಗುತ್ತದೆ. ಟನಲ್ ಮಾಡುವುದು ಇಷ್ಟೇ: ನಿಮ್ಮ ಕಂಪ್ಯೂಟರಿನಲ್ಲಿ ಒಂದು ಪೋರ್ಟ್ ತೆರೆದು, ಅಲ್ಲಿಗೆ ಬಂದದ್ದನ್ನು ಎಸ್‌ಎಸ್‌ಎಚ್ ಒಳಗೇ ಸಾಗಿಸಿ ಆ ತುದಿಯಲ್ಲಿ 3306ಕ್ಕೆ ಮುಟ್ಟಿಸುವುದು.

ಎಸ್‌ಎಸ್‌ಎಚ್ -ಎನ್ -ಎಲ್ 3307:127.0.0.1:3306 -ಪಿ 65002 ಯೂಸರ್@ಸರ್ವರ್

ಎನ್, ಎಲ್ ದೊಡ್ಡಕ್ಷರ, ಪಿ ಸಣ್ಣಕ್ಷರ. 65002 ಹೋಸ್ಟಿಂಗರ್‌ನ ಪೋರ್ಟ್. ನೇಮ್‌ಚೀಪ್ ಶೇರ್ಡ್ ಪ್ಲ್ಯಾನ್ ಆದರೆ 21098, ಸೈಟ್‌ಗ್ರೌಂಡ್ ಆದರೆ 18765, ಏನೂ ಹೇಳದಿದ್ದರೆ 22. ಪಿ ಅಕ್ಷರ ಇನ್ನೊಂದು ಕಡೆ ಕೈಕೊಡುತ್ತದೆ: ಎಸ್‌ಎಸ್‌ಎಚ್‌ನಲ್ಲಿ ಪೋರ್ಟ್‌ಗೆ ಸಣ್ಣ ಪಿ, ಫೈಲ್ ನಕಲಿಸುವ ಎಸ್‌ಸಿಪಿಯಲ್ಲಿ ದೊಡ್ಡ ಪಿ, ಮೈಎಸ್‌ಕ್ಯೂಎಲ್ ಕಮಾಂಡಿನಲ್ಲಿ ದೊಡ್ಡ ಪಿ ಪೋರ್ಟ್ ಆಗಿ ಸಣ್ಣ ಪಿ ಪಾಸ್‌ವರ್ಡ್.

ಕಮಾಂಡ್ ಕೊಟ್ಟ ಮೇಲೆ ಪರದೆಯಲ್ಲಿ ಏನೂ ಬರುವುದಿಲ್ಲ, ಕರ್ಸರ್ ಸುಮ್ಮನೆ ನಿಂತಿರುತ್ತದೆ. ಅದು ಕೆಟ್ಟು ನಿಂತದ್ದಲ್ಲ. ದೊಡ್ಡ ಎನ್ ಅಂದರೆ ಶೆಲ್ ಬೇಡ, ಟನಲ್ ಮಾತ್ರ ಸಾಕು ಎಂದು. ಆ ಕಿಟಕಿ ಮುಚ್ಚಬೇಡಿ, ಮುಚ್ಚಿದರೆ ಟನಲ್ಲೂ ಹೋಗುತ್ತದೆ.

127.0.0.1 (ಇನ್ನೊಂದು ಹೆಸರು ಲೋಕಲ್‌ಹೋಸ್ಟ್) ಅಂದರೆ ಯಾವುದೇ ಯಂತ್ರ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ನಡುವಿನದು ನಿಮ್ಮ ಕಂಪ್ಯೂಟರಲ್ಲ, ಸರ್ವರಿನ ಕಣ್ಣಿಗೆ ಕಾಣುವ 127.0.0.1. ಕೆಲವು ಕಂಪನಿಗಳು ಡೇಟಾಬೇಸನ್ನು ಬೇರೆಯೇ ಯಂತ್ರದಲ್ಲಿ ಇಟ್ಟಿರುತ್ತವೆ. ಸೈಟ್ ವರ್ಡ್‌ಪ್ರೆಸ್ ಆಗಿದ್ದರೆ ಡಬ್ಲ್ಯುಪಿ-ಕಾನ್ಫಿಗ್ ಫೈಲಿನಲ್ಲಿ ಡಿಬಿ_ಹೋಸ್ಟ್ ಎದುರು ಏನಿದೆ ನೋಡಿ. ಲೋಕಲ್‌ಹೋಸ್ಟ್ ಬದಲು ಬೇರೆ ಹೆಸರಿದ್ದರೆ ಅದನ್ನೇ ನಡುವೆ ಬರೆಯಬೇಕು.

ಈ ಕಡೆಗೆ 3307 ಯಾಕೆ? ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಕ್ಸ್ಯಾಂಪ್ (ಸ್ವಂತ ಕಂಪ್ಯೂಟರಿನಲ್ಲೇ ಸೈಟ್, ಡೇಟಾಬೇಸ್ ನಡೆಸುವ ತಂತ್ರಾಂಶ) ಇದ್ದರೆ ಅದರ ಮೈಎಸ್‌ಕ್ಯೂಎಲ್ ಆಗಲೇ 3306 ಹಿಡಿದು ಕೂತಿರುತ್ತದೆ. ಟನಲ್ಲಿಗೂ 3306 ಕೊಟ್ಟರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂಬ ಎಚ್ಚರಿಕೆ ಬಂದುಹೋಗುತ್ತದೆ. ಅದನ್ನು ಗಮನಿಸದೆ ಹೈಡಿ ತೆರೆದರೆ ನಿಮ್ಮದೇ ಕಂಪ್ಯೂಟರಿನ ಖಾಲಿ ಡೇಟಾಬೇಸ್ ಕಾಣುತ್ತದೆ. ಎನ್‌ಕ್ವೈರಿ ಎಲ್ಲಾ ಅಳಿಸಿಹೋದವು ಎಂದು ಗಾಬರಿಯಾಗುವುದು ಆಗಲೇ.

ಹೈಡಿಯಲ್ಲಿ ಹೋಸ್ಟ್ ಜಾಗಕ್ಕೆ 127.0.0.1, ಪೋರ್ಟ್ 3307 ಹಾಕಿ. ಲೋಕಲ್‌ಹೋಸ್ಟ್ ಎಂದು ಬರೆಯಬೇಡಿ: ಲಿನಕ್ಸ್, ಮ್ಯಾಕ್‌ಗಳಲ್ಲಿ ಮೈಎಸ್‌ಕ್ಯೂಎಲ್ ಕ್ಲೈಂಟ್ ಆ ಹೆಸರು ಕಂಡರೆ ಪೋರ್ಟ್ ಬಿಟ್ಟು ಸಾಕೆಟ್ ಫೈಲ್ ಹುಡುಕುತ್ತದೆ, ಟನಲ್ ಕಡೆ ತಿರುಗಿಯೂ ನೋಡುವುದಿಲ್ಲ. ಕಮಾಂಡ್ ಬೇಡವೆಂದರೆ ಹೈಡಿಯಲ್ಲೇ ಎಸ್‌ಎಸ್‌ಎಚ್ ಟನಲ್ ಟ್ಯಾಬ್ ಇದೆ. ಡಿಬೀವರ್, ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ಗಳಲ್ಲೂ ಇದೆ.

ಈಗ ನಿಮ್ಮ ಎರರ್. ‘ಓಪನ್ ಫೇಲ್ಡ್: ಅಡ್ಮಿನಿಸ್ಟ್ರೇಟಿವ್ಲಿ ಪ್ರೊಹಿಬಿಟೆಡ್’ ಎಂದು ಬಂದಿದ್ದರೆ, ಕಂಪನಿ ಸರ್ವರಿನಲ್ಲಿ ಫಾರ್ವರ್ಡಿಂಗನ್ನೇ ಮುಚ್ಚಿದೆ. ಟನಲ್ ಶುರು ಮಾಡುವಾಗ ಇದು ಗೊತ್ತಾಗದು. ಈ ಕಡೆಯ ಪೋರ್ಟ್ ತೆರೆಯಲು ಸರ್ವರಿನ ಒಪ್ಪಿಗೆ ಬೇಕಿಲ್ಲ. ಹೈಡಿ ಮೊದಲ ಮಾತು ಕಳಿಸಿದಾಗಲಷ್ಟೇ ಸರ್ವರ್ ಇಲ್ಲ ಎನ್ನುತ್ತದೆ. ನೀವು ಹೇಳಿದ ‘ಕನೆಕ್ಟ್ ಆದಂತೆ ಕಂಡು’ ಎಂಬುದು ಇದೇ. ಬದಲಿಗೆ ‘ಕನೆಕ್ಟ್ ಫೇಲ್ಡ್: ಕನೆಕ್ಷನ್ ರಿಫ್ಯೂಸ್ಡ್’ ಎಂದಿದ್ದರೆ ಟನಲ್ ಸರಿ ಇದೆ, ಆ ತುದಿಯ ವಿಳಾಸವೋ ಪೋರ್ಟೋ ತಪ್ಪು. ‘ಆಕ್ಸೆಸ್ ಡಿನೈಡ್ ಫಾರ್ ಯೂಸರ್’ ಎಂದಿದ್ದರೆ ಡೇಟಾಬೇಸಿನ ತನಕ ಮುಟ್ಟಿದ್ದೀರಿ. ಇನ್ನುಳಿದದ್ದು ಡೇಟಾಬೇಸ್ ಯೂಸರ್, ಪಾಸ್‌ವರ್ಡ್ ವಿಷಯ.

ಫಾರ್ವರ್ಡಿಂಗ್ ಮುಚ್ಚಿದ್ದರೆ ನಿಮ್ಮ ಕಡೆಯಿಂದ ಯಾವ ಕಸರತ್ತೂ ನಡೆಯದು. ಒಂದೇ ಯಂತ್ರದಲ್ಲಿ ನೂರಾರು ಗಿರಾಕಿಗಳಿರುವ ಕಡೆ ಯಾರೋ ಒಬ್ಬ ಅದನ್ನು ಪ್ರಾಕ್ಸಿ (ತನ್ನ ಪರವಾಗಿ ಇಂಟರ್ನೆಟ್‌ಗೆ ಹೋಗುವ ಮಧ್ಯವರ್ತಿ) ಮಾಡಿಕೊಂಡು ಸ್ಪ್ಯಾಮ್ ಕಳಿಸಿದರೆ ಎಲ್ಲರ ಮೇಲ್‌ಗೂ ಕಪ್ಪುಪಟ್ಟಿಯ ಕಾಟ. ಅದಕ್ಕೇ ಮುಚ್ಚುತ್ತಾರೆ. ಅವರನ್ನು ಬೈಯುವಂತಿಲ್ಲ. ಆದರೆ ಜಾಹೀರಾತಿನಲ್ಲಿ ‘ಎಸ್‌ಎಸ್‌ಎಚ್ ಲಭ್ಯ’ ಎಂದು ದೊಡ್ಡದಾಗಿ ಹಾಕಿ, ಇದನ್ನು ಎಲ್ಲೂ ಹೇಳದಿರುವುದು ಸರಿಯಲ್ಲ.

ಉಳಿದ ದಾರಿಗಳಲ್ಲಿ ಒಂದು ಸಿಪ್ಯಾನೆಲ್‌ನ ‘ರಿಮೋಟ್ ಮೈಎಸ್‌ಕ್ಯೂಎಲ್’ (ಹೊಸ ಆವೃತ್ತಿಗಳಲ್ಲಿ ‘ರಿಮೋಟ್ ಡೇಟಾಬೇಸ್ ಆಕ್ಸೆಸ್’). ಅಲ್ಲಿ ನಿಮ್ಮ ಆಫೀಸಿನ ಐಪಿ ವಿಳಾಸ ಬರೆಯಬೇಕು. ಬ್ರಾಡ್‌ಬ್ಯಾಂಡ್‌ನವರು ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಟ್ಟಿದ್ದರೆ ಸರಿ. ಮೊಬೈಲ್ ಡೇಟಾ ಆದರೆ ನೂರಾರು ಜನರಿಗೆ ಒಂದೇ ಹೊರವಿಳಾಸ, ಅದೂ ಬದಲಾಗುತ್ತಿರುತ್ತದೆ. ಬೇಸತ್ತು ಅಲ್ಲಿ ‘ಯಾವ ಐಪಿಯಾದರೂ ಸರಿ’ ಎಂಬರ್ಥದ ಶೇಕಡಾ ಚಿಹ್ನೆ ಹಾಕುವವರಿದ್ದಾರೆ. ಹಾಕಿದರೆ ಜಗತ್ತಿನ ಯಾವ ಮೂಲೆಯಿಂದಾದರೂ ನಿಮ್ಮ ಡೇಟಾಬೇಸಿನ ಪಾಸ್‌ವರ್ಡ್ ಊಹಿಸುತ್ತಾ ಕೂರಬಹುದು.

ಬರೀ ನೋಡುವುದಷ್ಟೇ ಆದರೆ ನಮ್ಮ ಒಲವು ಬೇರೆ: ಶೆಲ್ ಇದೆಯಲ್ಲ, ದಿನಕ್ಕೊಮ್ಮೆ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ಇಳಿಸಿಕೊಂಡು ಆಫೀಸಿನ ಕ್ಸ್ಯಾಂಪ್‌ಗೆ ತುಂಬಿ. ಡೇಟಾಬೇಸ್ ಪಾಸ್‌ವರ್ಡನ್ನು ಸರ್ವರಿನ ಹೋಮ್ ಫೋಲ್ಡರಿನಲ್ಲಿ ‘.ಮೈ.ಸಿಎನ್‌ಎಫ್’ ಫೈಲಿನಲ್ಲಿಟ್ಟು 600 ಕೊಡಿ, ಕಮಾಂಡಿನಲ್ಲಿ ಬರೆಯಬೇಡಿ. ಆಮೇಲೆ ಎಸ್‌ಎಸ್‌ಎಚ್‌ನೊಳಗೇ ಮೈಎಸ್‌ಕ್ಯೂಎಲ್‌ಡಂಪ್ ಓಡಿಸಿ, ಜಿಜಿಪ್‌ನಿಂದ ಕುಗ್ಗಿಸಿ, ಬಂದದ್ದನ್ನು ಈ ಕಡೆ ಫೈಲಿಗೆ ತಿರುಗಿಸಿ. ಟೇಬಲ್‌ಗಳು ಇನ್ನೊಡಿಬಿ ಎಂಬ ಬಗೆಯವಾಗಿದ್ದರೆ ‘--ಸಿಂಗಲ್-ಟ್ರಾನ್ಸಾಕ್ಷನ್’ ಸೇರಿಸಿದರೆ ಸೈಟ್ ತಡವರಿಸದು. ವಿಂಡೋಸ್‌ನಲ್ಲಿ ಇದನ್ನು ಹಳೆಯ ಕಪ್ಪು ಸಿಎಂಡಿ ಕಿಟಕಿಯಲ್ಲೇ ಮಾಡಿ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತಿನಿಂದ ಫೈಲಿಗೆ ತಿರುಗಿಸಿದರೆ ಅದು ಬೈನರಿಯನ್ನು ಪಠ್ಯವೆಂದು ತಿಳಿದು ಬದಲಿಸಿಬಿಡುತ್ತದೆ, ಜಿಜಿಪ್ ಫೈಲ್ ಮತ್ತೆ ಬಿಚ್ಚುವುದಿಲ್ಲ.

ತಪ್ಪು ಪಾಸ್‌ವರ್ಡ್ ಎರಡು ಮೂರು ಸಲ ಹೊಡದ ಮ್ಯಾಲೆ ಎಸ್‌ಎಸ್‌ಎಚ್ ಅಷ್ಟ ಅಲ್ಲ, ಸೈಟ ಓಪನ್ ಆಗವಲ್ದು. ಬ್ಯಾರೆಯವ್ರಿಗೆ ಬರಾಕತ್ತೈತಿ. ಸೈಟ್ ಕೆಟ್ಟೈತೇನ್ರಿ?
– ಕೈಮಗ್ಗ ಸಂಘದ ಕಚೇರಿ, ರಬಕವಿ

ಸೈಟ್ ಕೆಟ್ಟಿಲ್ಲ. ಸರ್ವರಿನ ಫೈರ್‌ವಾಲ್ ನಿಮ್ಮ ಐಪಿಯನ್ನು ತಡೆದಿದೆ. ಮೊಬೈಲಿನ ವೈಫೈ ತೆಗೆದು ಡೇಟಾದಲ್ಲಿ ತೆರೆದು ನೋಡಿ, ಬಂದರೆ ಖಾತ್ರಿ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಬಹುಮಟ್ಟಿಗೆ ಇದೇ ತಡೆ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದರೆ ಪೋರ್ಟ್ ಸಂಖ್ಯೆಯೇ ತಪ್ಪಿರುವ ಸಂಭವ ಹೆಚ್ಚು.

ಕೆಲವು ತಡೆಗಳು ತಾವಾಗಿಯೇ ಬಿಡುತ್ತವೆ, ಕೆಲವನ್ನು ಕಂಪನಿಯವರೇ ತೆಗೆಯಬೇಕು. ಟಿಕೆಟ್‌ನಲ್ಲಿ ನಿಮ್ಮ ಹೊರಗಿನ ಐಪಿ ಬರೆಯಿರಿ, 192.168ರಿಂದ ಶುರುವಾಗುವುದು ಕಚೇರಿಯೊಳಗಿನದು, ಅದರಿಂದ ಅವರಿಗೆ ಉಪಯೋಗವಿಲ್ಲ.

ತಡೆ ಬಿಟ್ಟು ಮತ್ತೆ ಮತ್ತೆ ಬೀಳುತ್ತಿದ್ದರೆ ಎಸ್‌ಎಸ್‌ಎಚ್ ಕಡೆ ನೋಡುತ್ತಾ ಕೂರಬೇಡಿ. ಕಚೇರಿಯಲ್ಲಿ ಯಾರದೋ ಫೋನಿನ ಮೇಲ್ ಆ್ಯಪ್‌ನಲ್ಲಿ, ಇಲ್ಲವೇ ಫೈಲ್ ಏರಿಸುವ ಫೈಲ್‌ಜಿಲ್ಲಾದಲ್ಲಿ, ಹಳೆಯ ಪಾಸ್‌ವರ್ಡ್ ಉಳಿದಿರುತ್ತದೆ. ಅದು ತನ್ನಷ್ಟಕ್ಕೆ ಬಡಿಯುತ್ತಲೇ ಇರುತ್ತದೆ, ಇಡೀ ಕಚೇರಿಯ ಐಪಿ ಒಂದೇ ಆದ್ದರಿಂದ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ಕರದಂಟಿನ ಆನ್‌ಲೈನ್ ಮಾರಾಟ ನಮ್ಮದು. ನಿನ್ನೆಯಿಂದ ಎಸ್‌ಎಸ್‌ಎಚ್ ಮಾಡಿದರೆ ದೊಡ್ಡ ಅಕ್ಷರದಲ್ಲಿ ‘ರಿಮೋಟ್ ಹೋಸ್ಟ್ ಐಡೆಂಟಿಫಿಕೇಷನ್ ಹ್ಯಾಸ್ ಚೇಂಜ್ಡ್’ ಎಂದು ಹೆದರಿಸುತ್ತಿದೆ. ಹ್ಯಾಕ್ ಆಗಿದೆಯೇ?
– ಗೋಕಾಕ

ಮೊದಲ ಸಲ ಕನೆಕ್ಟ್ ಆದಾಗ ನೀವು ‘ಯೆಸ್’ ಎಂದು ಒತ್ತಿದ್ದೀರಿ; ಆಗ ಸರ್ವರಿನ ಗುರುತನ್ನು ನಿಮ್ಮ ಕಂಪ್ಯೂಟರ್ ‘ನೋನ್_ಹೋಸ್ಟ್ಸ್’ ಫೈಲಿನಲ್ಲಿ ಬರೆದಿಟ್ಟುಕೊಂಡಿತು. ಈಗ ಬಂದ ಗುರುತು ಅದಕ್ಕೆ ಹೊಂದುತ್ತಿಲ್ಲ. ಕಂಪನಿಯವರು ನಿಮ್ಮ ಖಾತೆಯನ್ನು ಬೇರೆ ಸರ್ವರಿಗೆ ಸಾಗಿಸಿದ್ದರೆ ಹೀಗಾಗುವುದು ಸಹಜ. ಮೇಲ್‌ನಲ್ಲಿ ಆ ಸೂಚನೆ ಬಂದಿದೆಯೇ ಹುಡುಕಿ. ನಡುವೆ ಯಾರೋ ಕೂತು ತಾನೇ ಸರ್ವರ್ ಎಂದು ನಟಿಸಿದರೂ ಇದೇ ಎಚ್ಚರಿಕೆ ಬರುತ್ತದೆ. ಎರಡನ್ನೂ ಬೇರ್ಪಡಿಸುವುದು ಫಿಂಗರ್‌ಪ್ರಿಂಟ್ ಒಂದೇ. ಪರದೆಯಲ್ಲಿ ‘ಎಸ್‌ಎಚ್‌ಎ256’ ಎಂದು ಶುರುವಾಗುವ ಸಾಲನ್ನು ಕಂಪನಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇರುವುದರೊಂದಿಗೆ, ಇಲ್ಲವೇ ಟಿಕೆಟ್ ಹಾಕಿ ತರಿಸಿಕೊಂಡದ್ದರೊಂದಿಗೆ ಹೋಲಿಸಿ. ಹೊಂದಿದರೆ ಹಳೆಯದನ್ನು ಹೀಗೆ ಅಳಿಸಿ:

ಎಸ್‌ಎಸ್‌ಎಚ್-ಕೀಜೆನ್ -ಆರ್ "[ಸರ್ವರ್]:65002"

ಆರ್ ದೊಡ್ಡಕ್ಷರ. ಪೋರ್ಟ್ 22 ಅಲ್ಲದಿದ್ದರೆ ಚೌಕ ಕಂಸ ಮತ್ತು ಪೋರ್ಟ್ ಬಿಡಬಾರದು, ಬಿಟ್ಟರೆ ಆ ಹೆಸರಿನದು ಸಿಗಲಿಲ್ಲ ಎನ್ನುತ್ತದೆ. ಯಾವ ಎಚ್ಚರಿಕೆಯೂ ಬರದ ಹಾಗೆ ‘ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್ ನೋ’ ಹಾಕಿಬಿಡಿ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ.

ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿ ಇಡುತ್ತೇವೆ. ಟೆಂಪರೇಚರ್ ಕಂಟ್ರೋಲರಿಗೆ ಒಂದು ವೆಬ್ ಪುಟವಿದೆ, ಆದರೆ ಒಳಗಿನ ವೈಫೈನಲ್ಲಿ ಮಾತ್ರ ಕಾಣುತ್ತದೆ. ಇಂಟರ್ನೆಟ್ ಮೊಬೈಲ್ ಸಿಮ್‌ನದು. ನಮ್ಮ ಹೋಸ್ಟಿಂಗ್ ಪ್ಲ್ಯಾನ್ ಬಳಸಿ ರಿವರ್ಸ್ ಟನಲ್ ಹಾಕಿ ಮನೆಯಿಂದ ನೋಡಬಹುದೇ?
– ದ್ರಾಕ್ಷಿ ಬೆಳೆಗಾರರು, ತಿಕೋಟಾ, ವಿಜಯಪುರ ಜಿಲ್ಲೆ

ರಿವರ್ಸ್ ಟನಲ್ ಸರಿಯಾದ ಉಪಾಯವೇ. ಸಿಮ್ ಇಂಟರ್ನೆಟ್‌ಗೆ ಹೊರಗಿನಿಂದ ಒಳಬರಲಾಗದು, ಒಳಗಿನಿಂದಲೇ ಹೊರಟು ಹಾದಿ ತೆರೆದಿಡಬೇಕು. ಆದರೆ ಶೇರ್ಡ್ ಪ್ಲ್ಯಾನ್‌ನಲ್ಲಿ ಇದು ನಡೆಯದು: ಫಾರ್ವರ್ಡಿಂಗ್ ಮುಚ್ಚಿರುತ್ತದೆ, ತೆರೆದಿದ್ದರೂ ಹಗಲೂ ರಾತ್ರಿ ನಿಂತಿರುವ ಸೆಷನ್ನನ್ನು ಕತ್ತರಿಸುತ್ತಾರೆ. ಇದಕ್ಕೆ ಬೇಕಾದದ್ದು ಅತಿ ಚಿಕ್ಕ ವಿಪಿಎಸ್, ಅಂದರೆ ಪೂರ್ತಿ ನಿಮ್ಮ ಹತೋಟಿಯಲ್ಲಿರುವ ಬಾಡಿಗೆ ಸರ್ವರ್. 1 ಜಿಬಿ ರ್‍ಯಾಮ್ ಧಾರಾಳ.

ಸ್ಟೋರೇಜಿನೊಳಗೆ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಅಥವಾ ಹಳೆಯ ಲಿನಕ್ಸ್ ಕಂಪ್ಯೂಟರ್ ಇಡಿ. ಕಂಟ್ರೋಲರಿನ ವಿಳಾಸ 192.168.1.64 ಎಂದುಕೊಂಡರೆ ಅಲ್ಲಿಂದ ಹೀಗೆ:

ಎಸ್‌ಎಸ್‌ಎಚ್ -ಎನ್ -ಆರ್ 8090:192.168.1.64:80 ಟನಲ್@ವಿಪಿಎಸ್

ಎನ್, ಆರ್ ದೊಡ್ಡಕ್ಷರ. ಈಗ ವಿಪಿಎಸ್‌ನೊಳಗೆ 127.0.0.1ರ 8090ರಲ್ಲಿ ಆ ಪುಟ ಬಂದು ಕೂತಿತು. ಅದನ್ನು ಇಂಟರ್ನೆಟ್ಟಿಗೇ ತೆರೆಯಲು ‘ಗೇಟ್‌ವೇಪೋರ್ಟ್ಸ್’ ಎಂಬ ಸೆಟ್ಟಿಂಗ್ ಇದೆ, ಮುಟ್ಟಬೇಡಿ. ಕಂಟ್ರೋಲರಿನ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಆಗಿರುತ್ತದೆ, ಯಾರೋ ಹೊಕ್ಕು ತಾಪಮಾನ ಬದಲಿಸಿದರೆ ಸರಕು ಹೋಯಿತು. ಮನೆಯ ಕಂಪ್ಯೂಟರಿನಿಂದ, ಇಲ್ಲವೇ ಫೋನಿನ ಟರ್ಮಕ್ಸ್ ಆ್ಯಪ್‌ನಿಂದ, ವಿಪಿಎಸ್‌ಗೆ ನಿಮ್ಮದೇ ಬೇರೆ ಖಾತೆಯಲ್ಲಿ ದೊಡ್ಡ ಎಲ್ ಟನಲ್ ಹಾಕಿ (8090:127.0.0.1:8090), ಬ್ರೌಸರಿನಲ್ಲಿ 127.0.0.1:8090 ತೆರೆಯಿರಿ.

ಹಾಕುವುದು ಸುಲಭ, ನಿಲ್ಲಿಸಿಕೊಳ್ಳುವುದು ಕಷ್ಟ. ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ನೋಡಿ. ಪೈ ಮತ್ತೆ ಎದ್ದು ಕನೆಕ್ಟ್ ಆಗಲು ಹೋಗುತ್ತದೆ. ಆದರೆ ವಿಪಿಎಸ್‌ಗೆ ಹಳೆಯ ಸೆಷನ್ ಸತ್ತದ್ದು ಗೊತ್ತಿಲ್ಲ, 8090 ಅದರ ಹಿಡಿತದಲ್ಲೇ ಇದೆ. ‘ರಿಮೋಟ್ ಪೋರ್ಟ್ ಫಾರ್ವರ್ಡಿಂಗ್ ಫೇಲ್ಡ್’ ಎಂದು ಒಂದು ಸಾಲು ಬರುತ್ತದೆ, ಆದರೂ ಎಸ್‌ಎಸ್‌ಎಚ್ ಮಾತ್ರ ಕನೆಕ್ಟ್ ಆಗಿಯೇ ಕೂರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲಾ ಸರಿ, ಪುಟ ಮಾತ್ರ ಬರುವುದಿಲ್ಲ. ಲಿನಕ್ಸ್‌ನ ಮಾಮೂಲಿ ಟಿಸಿಪಿ ಕೀಪ್ಅಲೈವ್ ಮೊದಲ ಬಾರಿ ವಿಚಾರಿಸುವುದೇ 7200 ಸೆಕೆಂಡ್ ಆದ ಮೇಲೆ, ಅಂದರೆ ಎರಡು ತಾಸು.

ಅದಕ್ಕೆ ಎರಡೂ ತುದಿಯಲ್ಲಿ ಬಿಗಿ ಮಾಡಬೇಕು. ವಿಪಿಎಸ್‌ನ ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್ ಸರ್ವರ್) ಕಾನ್ಫಿಗ್‌ನಲ್ಲಿ ‘ಕ್ಲೈಂಟ್‌ಅಲೈವ್‌ಇಂಟರ್ವಲ್ 30’, ‘ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್ 3’ ಹಾಕಿ. ಸತ್ತ ಸೆಷನ್ ಸುಮಾರು 90 ಸೆಕೆಂಡಿನಲ್ಲಿ ಬಿಡುಗಡೆಯಾಗುತ್ತದೆ. ಪೈ ಕಡೆ ‘ಸರ್ವರ್‌ಅಲೈವ್‌ಇಂಟರ್ವಲ್ 30’ ಮತ್ತು ‘ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಯೆಸ್’. ಎರಡನೆಯದು ಇದ್ದರೆ ಪೋರ್ಟ್ ಸಿಗದಾಗ ಎಸ್‌ಎಸ್‌ಎಚ್ ತಾನೇ ಸೋತು ಹೊರಬರುತ್ತದೆ. ಅದನ್ನು ಸಿಸ್ಟಮ್‌ಡಿ ಸೇವೆಯಾಗಿ (ಲಿನಕ್ಸ್ ತಾನೇ ಶುರು ಮಾಡಿ ನೋಡಿಕೊಳ್ಳುವ ಕೆಲಸವಾಗಿ) ಓಡಿಸಿ, ‘ರಿಸ್ಟಾರ್ಟ್=ಆಲ್ವೇಸ್’, ‘ರಿಸ್ಟಾರ್ಟ್‌ಸೆಕ್=30’ ಕೊಟ್ಟರೆ ಅರ್ಧ ನಿಮಿಷಕ್ಕೊಮ್ಮೆ ಪ್ರಯತ್ನಿಸಿ, ಹಳೆಯದು ಬಿಟ್ಟೊಡನೆ ಹಿಡಿಯುತ್ತದೆ. ಸೇವೆ ಯಾವ ಯೂಸರಿನ ಹೆಸರಲ್ಲಿ ಓಡುತ್ತದೋ ಆ ಯೂಸರ್ ಆಗಿ ಒಮ್ಮೆ ಕೈಯಿಂದ ಲಾಗಿನ್ ಆಗಿ ಫಿಂಗರ್‌ಪ್ರಿಂಟ್ ಒಪ್ಪಿಕೊಳ್ಳಿ. ಇಲ್ಲದಿದ್ದರೆ ‘ಯೆಸ್’ ಒತ್ತುವವರಿಲ್ಲದೆ ಅಲ್ಲೇ ಸೋಲುತ್ತದೆ.

ಪೈನಲ್ಲಿರುವ ಕೀಗೆ ಪಾಸ್‌ಫ್ರೇಜ್ ಇಡಲಾಗದು, ಪೈ ಕದ್ದವನ ಕೈಗೆ ಕೀಯೂ ಸಿಗುತ್ತದೆ. ಆದ್ದರಿಂದ ‘ಟನಲ್’ ಯೂಸರಿಗೆ ಶೆಲ್ ಕೊಡಬೇಡಿ. ವಿಪಿಎಸ್‌ನ ಅದೇ ಕಾನ್ಫಿಗ್‌ನ ‘ಮ್ಯಾಚ್ ಯೂಸರ್’ ಕೆಳಗೆ ‘ಅಲೌಟಿಸಿಪಿಫಾರ್ವರ್ಡಿಂಗ್ ರಿಮೋಟ್’, ‘ಪರ್ಮಿಟ್‌ಲಿಸನ್ 8090’ ಹಾಕಿ.

ಇಷ್ಟೆಲ್ಲ ಆದ ಮೇಲೆ ವಿಪಿಎಸ್ ಕಾಯುವುದು ನಿಮ್ಮ ತಲೆಗೇ ಬರುತ್ತದೆ. ಓಪನ್‌ಎಸ್‌ಎಸ್‌ಎಚ್‌ನಲ್ಲೇ 2024ರ ಜುಲೈನಲ್ಲಿ ‘ರಿಗ್ರೆಶನ್’ ಎಂಬ ಗಂಭೀರ ದೋಷ ಹೊರಬಂದು, 9.8 ಆವೃತ್ತಿಯಲ್ಲಿ ಸರಿಪಡಿಸಿದರು. ಶೇರ್ಡ್ ಪ್ಲ್ಯಾನ್‌ನಲ್ಲಿ ಅಂಥ ಅಪ್‌ಡೇಟ್ ಕಂಪನಿಯ ಕೆಲಸ, ವಿಪಿಎಸ್‌ನಲ್ಲಿ ನಿಮ್ಮದು. ತಾನಾಗಿ ಅಪ್‌ಡೇಟ್ ಆಗುವ ವ್ಯವಸ್ಥೆಯನ್ನು ಮೊದಲ ದಿನವೇ ಹಾಕಿಸಿ, ಪಾಸ್‌ವರ್ಡ್ ಲಾಗಿನ್ ಮುಚ್ಚಿಸಿ. ತಾಪಮಾನ ಏರಿದಾಗ ಎಸ್‌ಎಂಎಸ್ ಕಳಿಸುವ ಬೇರೆ ಅಲಾರಂ ಇಲ್ಲದೆ ಈ ಪುಟವೊಂದನ್ನೇ ನಂಬಿ ಲಕ್ಷಾಂತರ ರೂಪಾಯಿಯ ಸರಕು ಇಡಬೇಡಿ.

ಹಾಸ್ಟೆಲ್ ವೈಫೈನಲ್ಲಿ ಕೆಲವು ಸೈಟ್ ಬ್ಲಾಕ್ ಮಾಡಿದ್ದಾರೆ. ನನ್ನ ಹೋಸ್ಟಿಂಗ್ ಖಾತೆಯಲ್ಲಿ ದೊಡ್ಡ ಡಿ ಹಾಕಿ ಸಾಕ್ಸ್ ಪ್ರಾಕ್ಸಿ ಮಾಡಬಹುದೇ?
– ವಿದ್ಯಾರ್ಥಿ, ಜಮಖಂಡಿ

ಶೇರ್ಡ್ ಪ್ಲ್ಯಾನ್‌ಗಳ ಷರತ್ತುಗಳಲ್ಲಿ ಪ್ರಾಕ್ಸಿ ನಡೆಸಬಾರದು ಎಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸಿಕ್ಕಿಬಿದ್ದರೆ ಖಾತೆಯ ಜೊತೆಗೆ ಅದರಲ್ಲಿರುವ ಸೈಟೂ ಅಮಾನತು. ಹಾಸ್ಟೆಲ್ಲಿನ ನಿಯಮ ಮುರಿಯುವ ದಾರಿ ನಾವು ಹೇಳುವುದಿಲ್ಲ, ಓದಿಗೆ ಬೇಕಾದ ಸೈಟ್ ಆದರೆ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಅರ್ಜಿ ಕೊಡಿ.

ಸೈಟ್ ನೋಡ್ಕೊಳ್ತಿದ್ದವರು ಕೆಲಸ ಬಿಟ್ಟರು. ಅವರ ಕೀ ಅಳಿಸಿದ್ದೇವೆ. ಅಷ್ಟು ಸಾಕೇ?
– ಖಾಸಗಿ ಶಾಲೆಯ ಕಚೇರಿ, ಟಿಳಕವಾಡಿ, ಬೆಳಗಾವಿ

ಸಾಲದು. ಸಿಪ್ಯಾನೆಲ್ ಪಾಸ್‌ವರ್ಡ್ ಗೊತ್ತಿದ್ದರೆ ಒಳಹೊಕ್ಕು ಹೊಸ ಕೀ ಹಾಕಿಕೊಳ್ಳಬಹುದು. ಆದ್ದರಿಂದ ಮೊದಲು ಹೋಸ್ಟಿಂಗ್ ಬಿಲ್ಲಿಂಗ್ ಖಾತೆ ಮತ್ತು ಅದಕ್ಕೆ ಜೋಡಿಸಿದ ಇಮೇಲ್ ಯಾರ ಹೆಸರಲ್ಲಿದೆ ನೋಡಿ. ಅದು ಅವರ ಸ್ವಂತ ಜಿಮೇಲ್ ಆಗಿದ್ದರೆ ಉಳಿದ ಪಾಸ್‌ವರ್ಡ್ ಎಷ್ಟು ಬದಲಿಸಿದರೂ ವ್ಯರ್ಥ. ಡೊಮೇನ್ ಖಾತೆಯೂ ಹಾಗೇ. ಆಮೇಲೆ ಸಿಪ್ಯಾನೆಲ್, ಎಫ್‌ಟಿಪಿ ಖಾತೆಗಳು, ವರ್ಡ್‌ಪ್ರೆಸ್‌ನ ಎಲ್ಲಾ ಅಡ್ಮಿನ್‌ಗಳು, ಡೇಟಾಬೇಸ್ ಪಾಸ್‌ವರ್ಡ್. ಕೊನೆಯದನ್ನು ಬದಲಿಸಿದ ಕೂಡಲೇ ಡಬ್ಲ್ಯುಪಿ-ಕಾನ್ಫಿಗ್‌ನಲ್ಲೂ ಬದಲಿಸದಿದ್ದರೆ ಸೈಟ್ ನಿಲ್ಲುತ್ತದೆ. ಅದೇ ಫೈಲಿನ ಸಾಲ್ಟ್ (ಲಾಗಿನ್ ಕಾಯುವ ಗುಪ್ತ ಅಕ್ಷರಗಳು) ಸಾಲುಗಳನ್ನು ಹೊಸದಾಗಿ ಹಾಕಿದರೆ ಲಾಗಿನ್ ಆಗಿ ಉಳಿದ ಬ್ರೌಸರ್‌ಗಳೆಲ್ಲ ಹೊರಬೀಳುತ್ತವೆ. ನಿಗದಿತ ವೇಳೆಗೆ ತಾವಾಗಿಯೇ ಓಡುವ ಕೆಲಸಗಳ ‘ಕ್ರಾನ್ ಜಾಬ್ಸ್’ ಪಟ್ಟಿಯಲ್ಲಿ ಏನೇನಿದೆ ಎಂದೂ ಕಣ್ಣಾಡಿಸಿ.

ಆಥರೈಸ್ಡ್_ಕೀಸ್ ಫೈಲನ್ನು ತೆರೆದು ಉಳಿದ ಸಾಲುಗಳನ್ನು ಎಣಿಸಿ. ಪ್ರತಿ ಸಾಲಿನ ಕೊನೆಯ ಟಿಪ್ಪಣಿ ಬರೀ ಹೆಸರಿನ ಚೀಟಿ, ಅದರಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಯಾರದೆಂದು ಗೊತ್ತಿಲ್ಲದ ಸಾಲನ್ನು ತೆಗೆಯಿರಿ. ಇನ್ನು ಮುಂದೆ ಒಬ್ಬರಿಗೆ ಒಂದೇ ಕೀ, ಅವರದೇ ಕಂಪ್ಯೂಟರಿನಲ್ಲಿ ಮಾಡಿದ್ದು. ಕೀ ಅಳಿಸಿದರೂ ಆಗಲೇ ತೆರೆದಿರುವ ಸೆಷನ್ ಮುಚ್ಚುವುದಿಲ್ಲ, ಅದರೊಳಗಿನ ಟನಲ್ಲೂ ನಡೆಯುತ್ತಲೇ ಇರುತ್ತದೆ. ಶೆಲ್‌ನಲ್ಲಿ ‘ಪಿಎಸ್ ಯುಎಕ್ಸ್’ ಕೊಟ್ಟು ನಿಮ್ಮದಲ್ಲದ ಪ್ರೊಸೆಸ್‌ಗಳನ್ನು ಕೊಲ್ಲಿ. ಜೈಲ್ ಶೆಲ್‌ನಲ್ಲಿ ಅವು ಕಾಣದಿದ್ದರೆ ಖಾತೆಯ ಎಲ್ಲಾ ಸೆಷನ್ ಕತ್ತರಿಸಿ ಎಂದು ಕಂಪನಿಗೆ ಟಿಕೆಟ್ ಹಾಕಿ.